ಬಂದೂಕಿಗೆ ಸೆರಾಮಿಕ್ ಲೇಪ: ಓವನ್‌ಗೆ ಇಡೋ ಮುಂಚೆ ತಿಳಿದಿರಬೇಕಾದ್ದು

ಬಾತಿ (ದಾವಣಗೆರೆ): ಗೇಟು, ಗ್ರಿಲ್ಲು, ಕಬ್ಬಿಣದ ಮಂಚ, ಬೀರು ಯಾವುದಕ್ಕಾದರೂ ಪೌಡರ್ ಕೋಟಿಂಗ್ ಮಾಡಿಸೋದು ದಾವಣಗೆರೆ-ಹರಿಹರದ ಜನಕ್ಕೆ ಹೊಸದೇನಲ್ಲ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಕೆಗೆ ಕೈ ಹಾಕಿದಾಗಿನಿಂದ ಈ ಭಾಗದಲ್ಲಿ ಕಬ್ಬಿಣದ ಕೆಲಸ ಬಲ್ಲ ಕೈಗಳಿಗೆ ಬರ ಇಲ್ಲ. ಕಾರ್ಖಾನೆ ಮುಚ್ಚಿದರೂ ಕಸುಬು ಉಳಿದಿದೆ. ಹಾಗಾಗಿ ಮನೆಯಲ್ಲಿ ಬೆಳೆ ಕಾಯಲು ಇಟ್ಟುಕೊಂಡ ಲೈಸೆನ್ಸ್ ಬಂದೂಕಿಗೆ ತುಕ್ಕು ಹತ್ತಿದಾಗ ‘ಇದಕ್ಕೂ ಒಂದು ಕೋಟಿಂಗ್ ಹೊಡೆಸಿದ್ರೆ ಹೇಗೆ’ ಅನ್ನೋ ಪ್ರಶ್ನೆ ಬರುವುದು ಸಹಜ. ಮೊಬೈಲ್ ತೆರೆದರೆ ಅಮೆರಿಕದವರು ಮನೆಯ ಶೆಡ್ಡಿನಲ್ಲೇ ಬಂದೂಕಿಗೆ ಸೆರಾಮಿಕ್ ಲೇಪ ಹೊಡೆದು ಓವನ್‌ನಲ್ಲಿ ಬೇಯಿಸೋ ವಿಡಿಯೋಗಳು ಸಾಲುಸಾಲಾಗಿ ಸಿಗುತ್ತವೆ.

ಆದರೆ ಗೇಟು ಬೇರೆ, ಬಂದೂಕು ಬೇರೆ. ಶಾಖ ಲೆಕ್ಕ ತಪ್ಪಿದರೆ ನಳಿಕೆ ಹಾಳು. ನಂಬರ್ ಅಳಿಸಿಹೋದರೆ ಕೇಸು. ಲೈಸೆನ್ಸ್ ಇಲ್ಲದವರ ಕೈಗೆ ಕೊಟ್ಟರೆ ಕೊಟ್ಟವರಿಗೂ ತೊಂದರೆ, ತೆಗೆದುಕೊಂಡವರಿಗೂ ತೊಂದರೆ. ಈ ಲೇಪ ಅಂದರೇನು, ಯಾವ ಬಂದೂಕಿಗೆ ಆಗುತ್ತೆ, ಯಾವುದಕ್ಕೆ ಆಗಲ್ಲ, ಕಾನೂನು ಏನು ಹೇಳುತ್ತೆ ಅನ್ನುವುದರ ವಿವರ ಇಲ್ಲಿದೆ.

ಏನಿದು ಸೆರಾಮಿಕ್ ಲೇಪ?

ಬಂದೂಕಿನ ಉಕ್ಕಿಗೆ ಹಿಂದಿನಿಂದಲೂ ಇರುವ ರಕ್ಷಣೆ ಎಂದರೆ ಬ್ಲೂಯಿಂಗ್. ಹೊಸ ನಳಿಕೆಯ ಮೇಲೆ ಕಾಣುವ ನೀಲಿಗಪ್ಪು ಬಣ್ಣ ಅದು. ಅದು ಪೇಂಟ್ ಅಲ್ಲ. ಉಕ್ಕಿನ ಮೇಲ್ಮೈಯನ್ನೇ ರಾಸಾಯನಿಕವಾಗಿ ಕಪ್ಪು ಕಬ್ಬಿಣದ ಆಕ್ಸೈಡ್ ಆಗಿ ಬದಲಿಸಿರುತ್ತಾರೆ. ನೋಡಲು ಚಂದ, ಆದರೆ ತುಂಬಾ ತೆಳು. ಎಣ್ಣೆ ಹಚ್ಚದೆ ಬಿಟ್ಟರೆ ಬೆವರಿನ ಕೈ ತಾಗಿದ ಜಾಗದಲ್ಲೇ ಕೆಂಪು ತುಕ್ಕು ಏಳುತ್ತದೆ.

ಸೆರಾಮಿಕ್ ಲೇಪ ಬೇರೆ ರೀತಿಯದು. ಅಂಟಿನ ಗುಣದ ಪಾಲಿಮರ್ ದ್ರವದಲ್ಲಿ ಅತಿ ನುಣ್ಣನೆಯ ಸೆರಾಮಿಕ್ ಕಣಗಳು ಬೆರೆತಿರುತ್ತವೆ. ಅದನ್ನು ಸ್ಪ್ರೇ ಮಾಡಿ ಓವನ್‌ನಲ್ಲಿ ಬೇಯಿಸಿದರೆ ಗಟ್ಟಿ ಪದರವಾಗಿ ಕೂರುತ್ತದೆ. ಈ ಪೈಕಿ ಹೆಚ್ಚು ಹೆಸರು ಮಾಡಿದ್ದು ಅಮೆರಿಕದ ಆರೆಗಾನ್ ರಾಜ್ಯದ ಎನ್‌ಐಸಿ ಇಂಡಸ್ಟ್ರೀಸ್ ತಯಾರಿಸುವ ಸೆರಾಕೋಟ್. ಪದರದ ದಪ್ಪ ಸುಮಾರು 25 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ನಲವತ್ತನೇ ಒಂದು ಭಾಗ. ತೇವ, ಬೆವರು, ಉಪ್ಪುಗಾಳಿ, ಗೀರು ಎಲ್ಲವನ್ನೂ ಬ್ಲೂಯಿಂಗ್‌ಗಿಂತ ಚೆನ್ನಾಗಿ ತಡೆಯುತ್ತದೆ ಅನ್ನುವುದು ಇದರ ಹೆಚ್ಚುಗಾರಿಕೆ.

ಕೆಲಸ ನಡೆಯುವುದು ಹೀಗೆ

ಸ್ಪ್ರೇ ಹೊಡೆಯೋದು ಕೊನೆಯ ಐದು ನಿಮಿಷದ ಕೆಲಸ. ಶ್ರಮ ಎಲ್ಲಾ ಅದಕ್ಕೂ ಮುಂಚಿನ ತಯಾರಿಯಲ್ಲಿದೆ.

ಮೊದಲು ಬಂದೂಕನ್ನು ಪೂರ್ತಿ ಬಿಚ್ಚಬೇಕು. ಮರ, ರಬ್ಬರ್, ಸ್ಪ್ರಿಂಗ್ ಎಲ್ಲವನ್ನೂ ಬೇರೆ ಇಡಬೇಕು. ಉಳಿದ ಉಕ್ಕಿನ ಭಾಗವನ್ನು ಅಸಿಟೋನ್‌ನಂಥ ದ್ರಾವಕದಲ್ಲಿ ನೆನೆಸಿ ಎಣ್ಣೆ ಬಿಡಿಸಬೇಕು. ಹಳೆಯ ಬಂದೂಕಿನ ಸಂದುಗೊಂದುಗಳಲ್ಲಿ ಹತ್ತಾರು ವರ್ಷದ ಎಣ್ಣೆ ಕೂತಿರುತ್ತದೆ. ಹೀಗಾಗಿ ಒಮ್ಮೆ ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ಗಂಟೆ ಇಟ್ಟು ಒಳಗಿನ ಎಣ್ಣೆ ಬೆವರಿ ಹೊರಗೆ ಬರುವಂತೆ ಮಾಡುತ್ತಾರೆ. ಎಣ್ಣೆ ಕಂಡರೆ ಮತ್ತೆ ತೊಳೆಯಬೇಕು.

ನಂತರ ಅಲ್ಯೂಮಿನಿಯಂ ಆಕ್ಸೈಡ್ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಮೇಲ್ಮೈಯನ್ನು ಒರಟು ಮಾಡುತ್ತಾರೆ. ನುಣುಪು ಉಕ್ಕಿನ ಮೇಲೆ ಲೇಪ ನಿಲ್ಲಲ್ಲ. ನಳಿಕೆಯ ಒಳಭಾಗ, ತೋಟಾ ಕೂರುವ ಜಾಗ ಇವೆರಡನ್ನೂ ಬಿರಡೆ ಹಾಕಿ ಬಿಗಿಯಾಗಿ ಮುಚ್ಚಿರಬೇಕು. ಅಲ್ಲಿಗೆ ಪುಡಿಯೂ ತಾಗಬಾರದು, ಲೇಪವೂ ಹೋಗಬಾರದು.

ಒರಟು ಮಾಡಿದ ಮೇಲೆ ಬರಿಗೈ ತಾಗಿಸುವಂತಿಲ್ಲ. ಬೆರಳಿನ ಜಿಡ್ಡು ಕೂತರೂ ಅಲ್ಲಿ ಲೇಪ ಏಳುತ್ತದೆ. ಲೇಪದ ದ್ರವಕ್ಕೆ ಗಟ್ಟಿಗೊಳಿಸುವ ದ್ರವವನ್ನು ಅಳತೆ ಪ್ರಕಾರ ಬೆರೆಸಿ, ಸೋಸಿ, ಸಣ್ಣ ಮೂತಿಯ ಸ್ಪ್ರೇ ಗನ್‌ನಿಂದ ತೆಳುವಾಗಿ ಹೊಡೆಯುತ್ತಾರೆ. ಆಮೇಲೆ ತೂಗುಹಾಕಿ ಓವನ್‌ನಲ್ಲಿ ಬೇಯಿಸುತ್ತಾರೆ. ಸೆರಾಕೋಟ್‌ನ ಓವನ್ ಮಾದರಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ 121 ಡಿಗ್ರಿ ಸೆಲ್ಸಿಯಸ್, ಎರಡು ಗಂಟೆ. ಓವನ್ ಬೇಡದ, ಗಾಳಿಯಲ್ಲೇ ಒಣಗುವ ಮಾದರಿಯೂ ಇದೆ. ಅದು ಪೂರ್ತಿ ಗಟ್ಟಿಯಾಗಲು ಐದು ದಿನ ಬೇಕು.

ಎಲ್ಲಾ ಬಂದೂಕಿಗೂ ಒಲೆ ಆಗಿಬರಲ್ಲ

ನಮ್ಮ ಕಡೆ ರೈತರ ಮನೆಗಳಲ್ಲಿರುವುದು ಹೆಚ್ಚಾಗಿ ಎರಡು ಬಗೆ. ಮುಂದಿನಿಂದ ಮದ್ದು ತುಂಬುವ ಒಂಟಿ ನಳಿಕೆ ಬಂದೂಕು ಒಂದು. ತೋಟಾ ಹಾಕುವ 12 ಬೋರ್ ಬಂದೂಕು ಇನ್ನೊಂದು. ಎರಡಕ್ಕೂ ಅದರದರದೇ ಅಪಾಯ ಇದೆ.

ಹಳೆಯ ಜೋಡಿ ನಳಿಕೆ ಬಂದೂಕುಗಳಲ್ಲಿ ಎರಡು ನಳಿಕೆಗಳ ನಡುವೆ ಉದ್ದಕ್ಕೂ ಒಂದು ಪಟ್ಟಿ ಇರುತ್ತದೆ. ಹಲವು ಬಂದೂಕುಗಳಲ್ಲಿ ಈ ಪಟ್ಟಿಯನ್ನು ಕೂರಿಸಿರುವುದು ತವರ-ಸೀಸದ ಬೆಸುಗೆಯಿಂದ. ಈ ಬೆಸುಗೆ 183 ಡಿಗ್ರಿಗೆ ಕರಗಲು ಶುರುವಾಗುತ್ತದೆ. ಗೇಟಿಗೆ ಹೊಡೆಯುವ ಪೌಡರ್ ಕೋಟಿಂಗ್ ಬೇಯುವುದು 180ರಿಂದ 200 ಡಿಗ್ರಿಯಲ್ಲಿ. ಅಂದರೆ ಗೇಟಿನ ಜೊತೆ ಅದೇ ಓವನ್‌ಗೆ ಜೋಡಿ ನಳಿಕೆ ತೂಗುಹಾಕಿದರೆ ಪಟ್ಟಿ ಸಡಿಲವಾಗಿ, ಎರಡು ನಳಿಕೆಗಳ ಹೊಂದಾಣಿಕೆಯೇ ತಪ್ಪಬಹುದು. ಹೊರಗೆ ಬಣ್ಣ ಮಿರಮಿರ ಮಿಂಚುತ್ತಿದ್ದರೂ ಒಳಗೆ ಬಂದೂಕು ಕೆಟ್ಟಿರುತ್ತದೆ. ಬಿಸಿ ಕ್ಷಾರದ ದ್ರಾವಣದಲ್ಲಿ ಅದ್ದುವ ಬ್ಲೂಯಿಂಗ್ ಕೂಡ ಈ ಬೆಸುಗೆಯನ್ನು ತಿನ್ನುತ್ತದೆ. ಅದಕ್ಕೇ ಬಲ್ಲವರು ಜೋಡಿ ನಳಿಕೆಗೆ ನಿಧಾನದ ಹಳೇ ಪದ್ಧತಿಯ ಬ್ಲೂಯಿಂಗನ್ನೇ ಮಾಡುತ್ತಾರೆ.

ಮದ್ದು ತುಂಬುವ ಬಂದೂಕಿನಲ್ಲಿ ಇನ್ನೂ ದೊಡ್ಡ ಅಪಾಯ ಇದೆ. ಹಂದಿ ಓಡಿಸಲು ತುಂಬಿಟ್ಟ ಮದ್ದು ಹಾರಿಸದೆ ವರ್ಷಗಟ್ಟಲೆ ಒಳಗೇ ಉಳಿದಿರಬಹುದು. ಹೊರಗಿನಿಂದ ನೋಡಿದರೆ ಗೊತ್ತಾಗಲ್ಲ. ಮದ್ದು ಗಿಡಿಯುವ ಸರಳನ್ನು ಒಳಗೆ ಬಿಟ್ಟು ನಳಿಕೆಯ ಬಾಯಿಯ ಹತ್ತಿರ ಗುರುತು ಹಾಕಿ, ಅದೇ ಸರಳನ್ನು ನಳಿಕೆಯ ಹೊರಗೆ ಇಟ್ಟು ನೋಡಿದರೆ ಸರಳು ಬುಡದವರೆಗೆ ಹೋಗಿದೆಯೋ ಇಲ್ಲವೋ ತಿಳಿಯುತ್ತದೆ. ಬುಡ ಮುಟ್ಟಿಲ್ಲ ಅಂದರೆ ಒಳಗೆ ಏನೋ ಇದೆ ಎಂದೇ ತಿಳಿಯಬೇಕು. ಈ ಪರೀಕ್ಷೆ ಮಾಡುವಾಗಲೂ ಕೇಪು ತೆಗೆದಿರಬೇಕು, ನಳಿಕೆಯ ಬಾಯಿಗೆ ಎದುರಾಗಿ ನಿಲ್ಲಬಾರದು. ಮದ್ದು ಉಳಿದ ನಳಿಕೆಗೆ ಬೆಂಕಿ, ಗ್ಯಾಸ್ ಟಾರ್ಚ್, ಓವನ್ ತೋರಿಸುವುದು ಜೀವಕ್ಕೇ ಕುತ್ತು. ಅಂಥ ಬಂದೂಕನ್ನು ಬಿಚ್ಚುವ ಸಾಹಸ ಮನೆಯಲ್ಲಿ ಬೇಡ.

ಮನೆ ಓವನ್‌ನಲ್ಲಿ ಯಾಕೆ ಬೇಡ

ಸೆರಾಮಿಕ್ ಲೇಪಕ್ಕೆ 121 ಡಿಗ್ರಿ ಸಾಕು, ಅದು ಬೆಸುಗೆ ಕರಗುವ ಶಾಖಕ್ಕಿಂತ ಕಡಿಮೆ ಅನ್ನುವುದು ನಿಜ. ಆದರೆ ಮನೆಯಲ್ಲಿ ಕೇಕ್ ಬೇಯಿಸುವ ಒಟಿಜಿ ಓವನ್‌ನ ಡಯಲ್ ತೋರಿಸುವ ಶಾಖವೇ ಬೇರೆ, ಒಳಗಿರುವ ಶಾಖವೇ ಬೇರೆ. ಕೆಂಪಗೆ ಕಾಯುವ ಸರಳಿನ ಹತ್ತಿರ ಇರುವ ಭಾಗ ಇನ್ನಷ್ಟು ಬಿಸಿ ಆಗುತ್ತದೆ.

ಅದಕ್ಕಿಂತ ಮುಖ್ಯ, ನಳಿಕೆ ಅದರಲ್ಲಿ ಹಿಡಿಸುವುದೇ ಇಲ್ಲ. ಲೈಸೆನ್ಸ್ ಕೊಡುವಾಗ ಕಾನೂನು ಹೇಳುವ ನುಣುಪು ನಳಿಕೆಯ ಕನಿಷ್ಠ ಉದ್ದವೇ 20 ಇಂಚು. ಹೆಚ್ಚಿನ ಬಂದೂಕುಗಳ ನಳಿಕೆ ಅದಕ್ಕಿಂತ ಉದ್ದ. ಒಟಿಜಿಯಲ್ಲಿ ಕೂರಲ್ಲ ಅಂತಲೇ ಜನ ಪೌಡರ್ ಕೋಟಿಂಗ್ ಅಂಗಡಿಯ ದೊಡ್ಡ ಓವನ್ ಕಡೆ ನೋಡುವುದು. ಅಲ್ಲಿಂದ ಶಾಖದ ತೊಂದರೆಯೂ, ಕಾನೂನಿನ ತೊಂದರೆಯೂ ಒಟ್ಟಿಗೇ ಶುರುವಾಗುತ್ತವೆ.

ಆರೋಗ್ಯದ ಮಾತೂ ಇದೆ. ಲೇಪದ ದ್ರವ, ಅಸಿಟೋನ್ ಎರಡೂ ಬೇಗ ಬೆಂಕಿ ಹತ್ತುವಂಥವು. ಅಡುಗೆಮನೆಯಲ್ಲಿ, ದೇವರ ದೀಪದ ಹತ್ತಿರ, ಗ್ಯಾಸ್ ಒಲೆ ಪಕ್ಕ ಇವನ್ನು ಬಿಚ್ಚಬಾರದು. ಬಟ್ಟೆಯ ಮಾಸ್ಕ್ ಈ ಆವಿಯನ್ನು ತಡೆಯಲ್ಲ. ಒಮ್ಮೆ ಲೇಪ ಬೇಯಿಸಿದ ಓವನ್‌ನಲ್ಲಿ ಮತ್ತೆ ಊಟ-ತಿಂಡಿ ಬೇಯಿಸುವಂತಿಲ್ಲ. ಒರಟು ಮಾಡಲು ಅಲ್ಯೂಮಿನಿಯಂ ಆಕ್ಸೈಡ್ ಸಿಗಲಿಲ್ಲ ಅಂತ ಹೊಳೆ ಮರಳು ಬಳಸಿದರೆ ಅದರ ಸಿಲಿಕಾ ದೂಳು ಶ್ವಾಸಕೋಶಕ್ಕೆ ಇಳಿಯುತ್ತದೆ. ಇದರಿಂದ ಬರುವ ಸಿಲಿಕೋಸಿಸ್ ವಾಸಿಯಾಗದ ಕಾಯಿಲೆ. 1948ರ ಕಾರ್ಖಾನೆಗಳ ಕಾಯ್ದೆಯ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲೂ ಇದು ಇತ್ತು.

ಕಾನೂನು ಏನನ್ನುತ್ತೆ?

ಅಮೆರಿಕದಲ್ಲಿ ತನ್ನದೇ ಬಂದೂಕಿಗೆ ಮನೆಯಲ್ಲಿ ಲೇಪ ಹೊಡೆದುಕೊಳ್ಳಲು ಪ್ರತ್ಯೇಕ ಪರವಾನಗಿ ಬೇಕಿಲ್ಲ. ಬೇರೆಯವರ ಬಂದೂಕಿಗೆ ದಂಧೆಯಾಗಿ ಮಾಡುವವರು ಅಲ್ಲೂ ಲೈಸೆನ್ಸ್ ಪಡೆಯಬೇಕು. ವಿಡಿಯೋದಲ್ಲಿ ಇದ್ಯಾವುದನ್ನೂ ಹೇಳಿರುವುದಿಲ್ಲ. ನಮ್ಮಲ್ಲಿ ಎಲ್ಲವೂ ನಡೆಯುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ.

ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಯಾರೂ ಬಂದೂಕು ಇಟ್ಟುಕೊಳ್ಳುವಂತಿಲ್ಲ, ಒಯ್ಯುವಂತಿಲ್ಲ. 5ನೇ ಸೆಕ್ಷನ್ ಪ್ರಕಾರ ಬಂದೂಕು ತಯಾರಿಕೆ, ಮಾರಾಟದ ಜೊತೆಗೆ ರಿಪೇರಿ ಮಾಡಲೂ ಅದಕ್ಕೆಂದೇ ಪಡೆದ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯ ನಂತರ 5ನೇ ಸೆಕ್ಷನ್ ಉಲ್ಲಂಘನೆಗೆ ಕನಿಷ್ಠ ಶಿಕ್ಷೆಯೇ 7 ವರ್ಷ ಜೈಲು, ಗರಿಷ್ಠ ಜೀವಾವಧಿ. ‘ಲೇಪ’ ಎಂಬ ಮಾತನ್ನು ಕಾಯ್ದೆ ಬೇರೆಯಾಗಿ ಹೇಳಿಲ್ಲ. ಆದರೆ ಬಂದೂಕನ್ನು ಪೂರ್ತಿ ಬಿಚ್ಚಿ, ಪುಡಿ ಹೊಡೆದು, ಬೇಯಿಸಿ, ಮತ್ತೆ ಜೋಡಿಸಿ ಕೊಡುವ ಕೆಲಸವನ್ನು ‘ಬರೀ ಬಣ್ಣ ಸ್ವಾಮಿ’ ಅಂದರೆ ಠಾಣೆಯಲ್ಲಿ ಒಪ್ಪುತ್ತಾರೆ ಅನ್ನೋ ಖಾತ್ರಿ ಇಲ್ಲ. ಗೇಟಿನ ಅಂಗಡಿಯ ಹುಡುಗ ನಾಲ್ಕು ಕಾಸಿನ ಕೆಲಸಕ್ಕೆ ಇಷ್ಟು ದೊಡ್ಡ ಸೆಕ್ಷನ್ ಮೈಮೇಲೆ ಎಳೆದುಕೊಳ್ಳಬಾರದು.

ರಿಪೇರಿಗೆ ಕಳಿಸಲು ಸರಿಯಾದ ದಾರಿಯನ್ನು ಕಾಯ್ದೆಯೇ ತೋರಿಸಿದೆ. ಲೈಸೆನ್ಸ್‌ದಾರರ ಎದುರಲ್ಲಿ, ಇಲ್ಲವೇ ಅವರು ಬರೆದುಕೊಟ್ಟ ಅನುಮತಿ ಪತ್ರದ ಮೇಲೆ, ರಿಪೇರಿಗಾಗಿ ಅಥವಾ ಲೈಸೆನ್ಸ್ ನವೀಕರಣಕ್ಕಾಗಿ ಬೇರೊಬ್ಬರು ಬಂದೂಕು ಒಯ್ಯಬಹುದು ಎಂದು 3ನೇ ಸೆಕ್ಷನ್ ಹೇಳುತ್ತದೆ. ವಯಸ್ಸಾದ ಅಪ್ಪನ ಹೆಸರಿನ ಬಂದೂಕನ್ನು ಮಗ ಬೈಕಿನಲ್ಲಿ ಒಯ್ಯುವುದಾದರೆ ಅಪ್ಪನ ಸಹಿ ಇರುವ ಪತ್ರ, ಲೈಸೆನ್ಸ್ ಪುಸ್ತಕ ಎರಡೂ ಜೊತೆಗಿರಬೇಕು. ಒಯ್ಯುವುದೂ ರಿಪೇರಿ ಲೈಸೆನ್ಸ್ ಇರುವವರ ಹತ್ತಿರಕ್ಕೇ ಆಗಬೇಕು.

ಕೊಡಗಿನವರ ಉದಾಹರಣೆ ಕೊಡುವವರೂ ಇದ್ದಾರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್‌ನಿಂದ ವಿನಾಯಿತಿ ಇರುವುದು ನಿಜ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಅದು ಅಲ್ಲಿಯವರಿಗೆ ಕೊಟ್ಟ ವಿನಾಯಿತಿ. ದಾವಣಗೆರೆ ಜಿಲ್ಲೆಗೆ ಅದನ್ನು ಎಳೆದು ತರುವಂತಿಲ್ಲ.

ನಂಬರ್ ಅಳಿದರೆ ಕೆಲಸ ಕೆಟ್ಟಂತೆ

ಬಂದೂಕಿನ ಮೇಲೆ ಒತ್ತಿರುವ ತಯಾರಕರ ಹೆಸರು, ನಂಬರ್, ಗುರುತು ಇವೇ ಆ ಬಂದೂಕಿನ ಆಧಾರ್ ಕಾರ್ಡ್. ಲೈಸೆನ್ಸ್ ಪುಸ್ತಕದಲ್ಲಿ ಬರೆದಿರುವ ನಂಬರಿಗೂ ಬಂದೂಕಿನ ಮೇಲಿನ ನಂಬರಿಗೂ ತಾಳೆ ಆಗಲೇಬೇಕು. ಈ ಗುರುತನ್ನು ಅಳಿಸುವುದು, ತೆಗೆಯುವುದು, ತಿದ್ದುವುದು 8ನೇ ಸೆಕ್ಷನ್ ಪ್ರಕಾರ ಅಪರಾಧ. ಇನ್ನೂ ಗಮನಿಸಬೇಕಾದ್ದು: ಗುರುತು ಅಳಿದ ಬಂದೂಕು ಯಾರ ಬಳಿ ಸಿಗುತ್ತದೋ ಅವರೇ ಅಳಿಸಿದ್ದು ಎಂದು ಕಾನೂನು ಮೊದಲೇ ಭಾವಿಸುತ್ತದೆ. ಅಲ್ಲ ಎಂದು ರುಜುವಾತು ಮಾಡುವ ಹೊಣೆ ಅವರದೇ.

ಹಳೆಯ ಬಂದೂಕುಗಳಲ್ಲಿ ನಂಬರ್ ಮೊದಲೇ ಸವೆದು ತೆಳುವಾಗಿರುತ್ತದೆ. ಅದರ ಮೇಲೆ ಪುಡಿ ಹೊಡೆದರೆ, ಉಪ್ಪುಕಾಗದ ತಿಕ್ಕಿದರೆ, ದಪ್ಪ ಪೌಡರ್ ಕೋಟಿಂಗ್ ತುಂಬಿದರೆ ಅಂಕಿ ಮಾಯ. ಮುಂದಿನ ನವೀಕರಣದ ಪರಿಶೀಲನೆಯಲ್ಲಿ 3 ಯಾವುದು 8 ಯಾವುದು ಗೊತ್ತಾಗದೆ ನಿಂತರೆ, ಅಳಿಸಿದ್ದು ಯಾರು ಅನ್ನುವ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಲೈಸೆನ್ಸ್‌ದಾರರೇ.

ಏರ್ ಗನ್‌ಗೆ ಮಾಡಬಹುದಾ?

0.177 ಬೋರ್ ಒಳಗಿನ, 20 ಜೂಲ್ ಶಕ್ತಿ ಮೀರದ ಏರ್ ಗನ್‌ಗಳಿಗೆ 2016ರ ನಿಯಮಗಳಲ್ಲಿ ಲೈಸೆನ್ಸ್ ಕಡ್ಡಾಯವಲ್ಲ. ಲೇಪದ ಕೆಲಸ ಕಲಿಯಬೇಕು ಅನ್ನುವ ಆಸಕ್ತರು ಇಂಥದ್ದರ ಮೇಲೆ ಕೈ ಪಳಗಿಸುವುದು ಮೇಲು. ಆದರೂ ಒಳಗಿನ ಸ್ಪ್ರಿಂಗ್ ಬಿಗಿಯಾಗಿ ಒತ್ತಿಕೊಂಡಿರುತ್ತದೆ. ಅದನ್ನು ಹಿಡಿಯುವ ಸಲಕರಣೆ ಇಲ್ಲದೆ ಬಿಚ್ಚಿದರೆ ಚಿಮ್ಮಿ ಮುಖಕ್ಕೆ ಬಡಿಯಬಹುದು. ರಬ್ಬರ್ ವಾಷರ್‌ಗಳನ್ನು ತೆಗೆಯದೆ ಬೇಯಿಸಿದರೆ ಗಾಳಿ ನಿಲ್ಲಲ್ಲ.

ತುಕ್ಕಿಗೆ ಕಡಿಮೆ ಖರ್ಚಿನ ಮದ್ದು

ಬೆಳೆ ಕಾಯುವ ಬಂದೂಕಿಗೆ ಹೆಚ್ಚಿನ ಸಲ ಲೇಪ ಬೇಕಾಗಿಯೇ ಇರಲ್ಲ. ತುಕ್ಕಿಗೆ ಕಾರಣ ಏನು ಅಂತ ನೋಡಿದರೆ ಅರ್ಧ ಕೆಲಸ ಮುಗಿದಂತೆ.

ಕರಿಮದ್ದು ಸುಟ್ಟ ಮೇಲೆ ಉಳಿಯುವ ಬೂದಿಯಲ್ಲಿ ಲವಣಗಳಿರುತ್ತವೆ. ಅವು ಗಾಳಿಯ ತೇವವನ್ನು ಹೀರಿ ಒಂದೆರಡು ದಿನದಲ್ಲೇ ನಳಿಕೆಯನ್ನು ತಿನ್ನತೊಡಗುತ್ತವೆ. ಬರೀ ಎಣ್ಣೆ ಹಚ್ಚಿದರೆ ಲವಣ ಹೋಗಲ್ಲ. ಹಾರಿಸಿದ ದಿನವೇ ಬಿಸಿನೀರು, ಸೋಪಿನಿಂದ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ತೆಳುವಾಗಿ ಬಂದೂಕಿನ ಎಣ್ಣೆ ಹಚ್ಚಬೇಕು. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಕೆಲವು ತಿಂಗಳಲ್ಲಿ ಅಂಟಾಗುವುದರಿಂದ ಬೇಡ. ಸೆರಾಮಿಕ್ ಲೇಪ ಹೊಡೆಸಿದರೂ ನಳಿಕೆಯ ಒಳಗಿನ ಈ ಕೆಲಸ ತಪ್ಪಲ್ಲ. ಒಳಗೆ ಲೇಪ ಇರುವುದೇ ಇಲ್ಲವಲ್ಲ.

ಆಯುಧಪೂಜೆಯ ದಿನ ನಳಿಕೆಗೆ ಹಚ್ಚಿದ ಹಸಿ ವಿಭೂತಿ, ಕುಂಕುಮ, ಕಟ್ಟಿದ ಹೂವು ತೇವ ಹಿಡಿದಿಡುತ್ತವೆ. ವಾರ ಬಿಟ್ಟು ನೋಡಿದರೆ ಬೊಟ್ಟಿಟ್ಟ ಜಾಗದಲ್ಲೇ ತುಕ್ಕಿನ ಕಲೆ. ಪೂಜೆ ಮುಗಿದ ಸಂಜೆ ಒರೆಸಿ ಎಣ್ಣೆ ಹಚ್ಚಿದರೆ ಸಾಕು. ಚರ್ಮದ ಚೀಲದಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಬಂದೂಕಿಗೂ ಇದೇ ಗತಿ. ಒಣಗಿದ ಹತ್ತಿ ಬಟ್ಟೆಗೆ ಎಣ್ಣೆ ತೋರಿಸಿ ಸುತ್ತಿಡುವುದು ಒಳ್ಳೆಯದು.

ಚುನಾವಣೆ ಬಂದಾಗ

ಚುನಾವಣೆ ಘೋಷಣೆಯಾದರೆ ಪರಿಶೀಲನಾ ಸಮಿತಿ ವಿನಾಯಿತಿ ಕೊಟ್ಟವರನ್ನು ಬಿಟ್ಟು ಉಳಿದವರು ಆದೇಶದಂತೆ ಬಂದೂಕು ಜಮಾ ಮಾಡಬೇಕಾಗುತ್ತದೆ. 2024ರ ಲೋಕಸಭೆ ಚುನಾವಣೆ ಮಾರ್ಚ್ 16ರಂದು ಘೋಷಣೆಯಾಯಿತು. ದಾವಣಗೆರೆಯಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಅಂದರೆ ಎರಡೂವರೆ ತಿಂಗಳು ಕೈಗೆ ಬಂದೂಕು ಇಲ್ಲ, ಎಣ್ಣೆ ಹಚ್ಚುವ ಅವಕಾಶವೂ ಇಲ್ಲ. ಅಷ್ಟರಲ್ಲಿ ಮುಂಗಾರಿನ ತೇವವೂ ಶುರು. ಜಮಾ ಮಾಡುವ ಹಿಂದಿನ ದಿನ ಒಳಗೂ ಹೊರಗೂ ತುಸು ಹೆಚ್ಚೇ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಖಾಲಿ ಇದೆ ಎಂದು ಖಚಿತಪಡಿಸಿಕೊಂಡು ಕೊಡಬೇಕು. ರಸೀದಿಯಲ್ಲಿ ನಂಬರ್ ಸರಿಯಾಗಿ ಬರೆದಿದ್ದಾರಾ ನೋಡಿಕೊಳ್ಳಬೇಕು. ವಾಪಸ್ ಬಂದ ದಿನವೇ ಎಣ್ಣೆ ಒರೆಸಿ ನಳಿಕೆ ಪರೀಕ್ಷಿಸಬೇಕು.

ಲೇಪ ಮಾಡಿಸಲೇಬೇಕು ಅಂದ್ರೆ

- ಮೊದಲು ಜಿಲ್ಲಾಧಿಕಾರಿ ಕಚೇರಿಯಲ್ಲಿ ಶಸ್ತ್ರಾಸ್ತ್ರ ಲೈಸೆನ್ಸ್ ನೋಡುವ ವಿಭಾಗಕ್ಕೆ ಅರ್ಜಿ ಬರೆದು, ಲೇಪ ಮಾಡಿಸಬಹುದೇ ಎಂದು ಕೇಳಿ. ಬಾಯಿಮಾತಿನ ‘ಮಾಡಿಸ್ಕೊಳ್ಳಿ’ ಸಾಲದು, ಉತ್ತರ ಬರಹದಲ್ಲಿರಲಿ.
- ರಿಪೇರಿ ಲೈಸೆನ್ಸ್ ಇರುವವರಿಗೇ ಕೊಡಿ. ಅವರ ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಕೇಳಿ ನೋಡಿ. ಕೇಳಲು ಸಂಕೋಚ ಬೇಡ.
- ಕೊಡುವ ಮುಂಚೆ ನಂಬರ್, ಗುರುತುಗಳ ಸ್ಪಷ್ಟ ಫೋಟೋ ತೆಗೆದಿಟ್ಟುಕೊಳ್ಳಿ. ಆ ಜಾಗಕ್ಕೆ ಟೇಪ್ ಹಾಕಿಸಿ, ಪುಡಿ ಹೊಡೆಯದಂತೆ ಹೇಳಿ.
- ಜೋಡಿ ನಳಿಕೆಯಾದರೆ ಪಟ್ಟಿಯ ಬೆಸುಗೆ ಯಾವುದು, ಎಷ್ಟು ಡಿಗ್ರಿಯಲ್ಲಿ ಬೇಯಿಸುತ್ತೀರಿ ಎಂದು ಕೇಳಿ. ಉತ್ತರ ಗೊತ್ತಿಲ್ಲದವರಿಗೆ ಬಂದೂಕು ಕೊಡಬೇಡಿ.
- ನಳಿಕೆಯ ಒಳಗೆ, ತೋಟಾ ಕೂರುವ ಜಾಗಕ್ಕೆ ಲೇಪ ಬೇಡ.
- ಬಿಟ್ಟುಬರುವಾಗ ರಸೀದಿ ಪಡೆಯಿರಿ. ವಾಪಸ್ ಪಡೆಯುವಾಗ ಪುಸ್ತಕದ ನಂಬರಿಗೆ ತಾಳೆ ನೋಡಿ.

ಕೊನೆಯದಾಗಿ, ಬಂದೂಕಿನ ಲೈಸೆನ್ಸ್ ಎಂದರೆ ಬೇಟೆಯ ಅನುಮತಿ ಅಲ್ಲ. ಮೆಕ್ಕೆಜೋಳಕ್ಕೆ ನುಗ್ಗುವ ಕಾಡುಹಂದಿಯನ್ನು ಕೊಲ್ಲಲೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ಅನುಮತಿ ಬೇಕು. ಸಾಮಾನ್ಯವಾಗಿ ಈ ಬಂದೂಕುಗಳ ಕೆಲಸ ಸದ್ದು ಮಾಡಿ ಹಂದಿ ಓಡಿಸುವುದು. ಆ ಕೆಲಸಕ್ಕೆ ಮಿಂಚುವ ಬಣ್ಣ ಬೇಕಿಲ್ಲ. ತೊಳೆದ ನಳಿಕೆ, ಒಂದು ಚಮಚ ಎಣ್ಣೆ, ಓದಲು ಬರುವ ನಂಬರ್ ಇದ್ದರೆ ಸಾಕು.